ಎದುರಾಳಿಯ ಕೋಚ್ ಕಟಕಟೆಯಲ್ಲಿ ನಿಂತಾಗ

ಅಮೆರಿಕದ ಕೊಲಂಬಸ್ ನಗರದಲ್ಲಿರುವ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರತಿ ವರ್ಷ ನವೆಂಬರ್ ಕೊನೆಯ ವಾರ ಇಂಗ್ಲಿಷಿನ ‘ಎಂ’ ಅಕ್ಷರಕ್ಕೆ ಬಹಿಷ್ಕಾರ ಬೀಳುತ್ತದೆ. ಕಟ್ಟಡಗಳ ನಾಮಫಲಕವಿರಲಿ, ದಾರಿ ತೋರಿಸುವ ಹಲಗೆಯಿರಲಿ, ಆ ಅಕ್ಷರ ಕಂಡಲ್ಲೆಲ್ಲ ಅದರ ಮೇಲೆ ಕೆಂಪು ಟೇಪಿನಿಂದ ಇಂಟು ಗುರುತು ಹಾಕಲಾಗುತ್ತದೆ. ಕಾರಣ ಇಷ್ಟೇ: ಅದು ಮಿಷಿಗನ್ ಎಂಬ ಹೆಸರಿನ ಮೊದಲ ಅಕ್ಷರ, ಮತ್ತು ಆ ವಾರದ ಶನಿವಾರ ಮಿಷಿಗನ್ ವಿಶ್ವವಿದ್ಯಾಲಯದ ತಂಡದೊಂದಿಗೆ ಅಮೆರಿಕನ್ ಫುಟ್ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ಪಂದ್ಯವಿರುತ್ತದೆ. 1897ರಲ್ಲಿ ಮೊದಲ ಬಾರಿಗೆ ಮುಖಾಮುಖಿಯಾದ ಈ ಎರಡು ತಂಡಗಳ ಹಗೆತನ ಎಷ್ಟು ಹಳೆಯದೆಂದರೆ, ಅದನ್ನು ಹಗೆತನ ಎನ್ನುವುದಕ್ಕಿಂತ ಊರ ಹಬ್ಬ ಎನ್ನುವುದೇ ಸರಿ. ಡೆಟ್ರಾಯಿಟಿನ ಸುತ್ತಮುತ್ತ ವಾಹನ ಕಂಪನಿಗಳಲ್ಲಿ ಕೆಲಸ ಮಾಡುತ್ತ ನೆಲೆ ನಿಂತ ಕನ್ನಡದ ಕುಟುಂಬಗಳಿಗೂ ಆ ಶನಿವಾರದ ಬಿಸಿ ತಟ್ಟದೆ ಇರುವುದಿಲ್ಲ. ಮಕ್ಕಳು ಮಿಷಿಗನ್ ವಿಶ್ವವಿದ್ಯಾಲಯವಿರುವ ಆನ್ ಆರ್ಬರ್‌ನಲ್ಲಿ ಓದುತ್ತಿದ್ದರಂತೂ ಹೇಳುವುದೇ ಬೇಡ.

2025ರ ನವೆಂಬರ್ 29ರಂದು ಒಹಾಯೊ ಸ್ಟೇಟ್ 27–9ರಿಂದ ಗೆದ್ದು, ನಾಲ್ಕು ವರ್ಷಗಳ ಸತತ ಸೋಲಿನ ಸರಣಿಯನ್ನು ಮುರಿಯಿತು. ಮುಂದಿನ ವಾರವೇ, ಡಿಸೆಂಬರ್ 6ರಂದು, ಈ ಎರಡೂ ವಿಶ್ವವಿದ್ಯಾಲಯಗಳು ಸೇರಿರುವ ಬಿಗ್ ಟೆನ್ ಎಂಬ ಕ್ರೀಡಾ ಒಕ್ಕೂಟದ ಅಂತಿಮ ಪಂದ್ಯದಲ್ಲಿ ಇಂಡಿಯಾನಾ ಎದುರು 13–10ರಿಂದ ಸೋತು ತಲೆ ತಗ್ಗಿಸಿತು. ಅದಾದ ನಾಲ್ಕನೆಯ ದಿನ, ಡಿಸೆಂಬರ್ 10ರಂದು, ಮಿಷಿಗನ್ ತನ್ನ ಮುಖ್ಯ ಕೋಚ್ ಶೆರೋನ್ ಮೂರ್ ಅವರನ್ನು ವಜಾ ಮಾಡಿತು. ಸಿಬ್ಬಂದಿಯೊಬ್ಬರೊಂದಿಗೆ ಅವರು ಅನುಚಿತ ಸಂಬಂಧ ಹೊಂದಿದ್ದರೆಂಬುದಕ್ಕೆ ತನ್ನ ತನಿಖೆಯಲ್ಲಿ ನಂಬಲರ್ಹ ಸಾಕ್ಷ್ಯ ಸಿಕ್ಕಿದೆ ಎಂಬುದು ವಿಶ್ವವಿದ್ಯಾಲಯ ಕೊಟ್ಟ ಕಾರಣ. ಅದೇ ದಿನ ಪೊಲೀಸರು ಅವರನ್ನು ವಶಕ್ಕೆ ಪಡೆದರು. ಎರಡು ದಿನಗಳ ನಂತರ ಮನೆಗೆ ಅಕ್ರಮವಾಗಿ ನುಗ್ಗಿದ್ದು, ಬೆನ್ನು ಹತ್ತಿ ಕಾಡಿದ್ದು ಮೊದಲಾದ ಮೂರು ಆರೋಪಗಳನ್ನು ಹೊರಿಸಲಾಯಿತು. ಆರೋಪ ಹೊರಿಸುವುದಕ್ಕೂ ಅದು ಸಾಬೀತಾಗುವುದಕ್ಕೂ ನಡುವೆ ಬಹಳ ದೂರವಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಇಲ್ಲಿ ಬರೆಯಹೊರಟಿರುವುದು ಆ ಮೊಕದ್ದಮೆಯ ಕುರಿತಲ್ಲ. ನ್ಯಾಯಾಲಯದಲ್ಲಿ ಒಂದು ವಾದವೂ ನಡೆಯುವ ಮುನ್ನ, ಆ ನಲವತ್ತೆಂಟು ಗಂಟೆಗಳಲ್ಲಿ ಎದುರಾಳಿ ತಂಡಗಳ ಅಭಿಮಾನಿಗಳು ಹಾಲು ಕುಡಿದಷ್ಟು ಸಂತೋಷಪಟ್ಟರಲ್ಲ, ಆ ಸಂತೋಷದ ಕುರಿತು.

ಅದನ್ನು ಕೀಳುಬುದ್ಧಿ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಅದಕ್ಕೊಂದು ಲೆಕ್ಕಾಚಾರವಿದೆ, ಮತ್ತು ಆ ಲೆಕ್ಕಾಚಾರ ಪೂರ್ತಿ ಹುಚ್ಚೂ ಅಲ್ಲ. ಅಮೆರಿಕದ ಕಾಲೇಜು ಫುಟ್ಬಾಲಿನಲ್ಲಿ ಆಟಗಾರ ಹೆಚ್ಚೆಂದರೆ ನಾಲ್ಕೈದು ವರ್ಷ ಇರುತ್ತಾನೆ, ಆಮೇಲೆ ಹೊರಟುಹೋಗುತ್ತಾನೆ. ಉಳಿಯುವವನು ಕೋಚ್. ಹದಿನೇಳರ ಹುಡುಗರ ಮನೆಗಳಿಗೆ ಹೋಗಿ, ಅವರ ತಂದೆತಾಯಿಯರ ಎದುರು ಕುಳಿತು, ‘ನಿಮ್ಮ ಮಗನನ್ನು ನನ್ನ ಕೈಗೆ ಕೊಡಿ’ ಎಂದು ಕೇಳುವವನು ಅವನೇ. ಬಹುತೇಕ ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಅತಿ ಹೆಚ್ಚು ಪಡೆಯುವವನು ರಾಜ್ಯಪಾಲನಲ್ಲ, ಫುಟ್ಬಾಲ್ ಅಥವಾ ಬಾಸ್ಕೆಟ್‌ಬಾಲ್ ಕೋಚ್. ಮಿಷಿಗನ್ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯವಾದ ಮಿಷಿಗನ್ ಸ್ಟೇಟ್ 2021ರಲ್ಲಿ ತನ್ನ ಕೋಚ್ ಮೆಲ್ ಟಕರ್ ಅವರೊಂದಿಗೆ ಮಾಡಿಕೊಂಡ ಒಪ್ಪಂದ ಹತ್ತು ವರ್ಷಕ್ಕೆ 9.5 ಕೋಟಿ ಡಾಲರುಗಳದ್ದು. 2023ರ ಸೆಪ್ಟೆಂಬರಿನಲ್ಲಿ ಲೈಂಗಿಕ ಕಿರುಕುಳದ ದೂರೊಂದು ಬಹಿರಂಗವಾಗಿ, ಅದೇ ತಿಂಗಳಲ್ಲಿ ಅವರನ್ನು ಕಾರಣ ಕೊಟ್ಟು ವಜಾ ಮಾಡಿದಾಗ ಒಪ್ಪಂದದ ಬಾಬ್ತಿನಲ್ಲಿ ಇನ್ನೂ ಸುಮಾರು 8 ಕೋಟಿ ಡಾಲರ್ ಬಾಕಿಯಿತ್ತು. ತಮ್ಮ ಕಡೆಯಿಂದ ತಪ್ಪೇನೂ ನಡೆದಿಲ್ಲವೆಂದು ಟಕರ್ ವಾದಿಸಿ ಕಾನೂನಿನ ಮೊರೆ ಹೋದರು. ಕಾರಣ ಕೊಟ್ಟು ತೆಗೆದರೆ ಬಾಕಿ ಕೊಡಬೇಕಾಗಿಲ್ಲ, ಕಾರಣವಿಲ್ಲದೆ ತೆಗೆದರೆ ಕೊಡಬೇಕು. ಹಾಗಾಗಿ ಇಂಥ ಪ್ರಕರಣಗಳಲ್ಲಿ ಎದುರಾಳಿ ಅಭಿಮಾನಿಯ ಮೊದಲ ಪ್ರಶ್ನೆ ‘ಯಾರಿಗೆ ಏನಾಯಿತು’ ಎಂಬುದಾಗಿರುವುದಿಲ್ಲ, ‘ದುಡ್ಡು ಕೊಡುತ್ತಾರಾ, ಇಲ್ಲವಾ’ ಎಂಬುದಾಗಿರುತ್ತದೆ.

ಕೋಚ್ ಬಿದ್ದರೆ ಅವನ ಹಿಂದೆಯೇ ತಂಡವೂ ಸಡಿಲಗೊಳ್ಳುತ್ತದೆ. ಬರುತ್ತೇನೆಂದು ಮಾತು ಕೊಟ್ಟಿದ್ದ ಹುಡುಗರು ಮನಸ್ಸು ಬದಲಿಸುತ್ತಾರೆ, ಇರುವವರು ಬೇರೆ ಕಡೆಗೆ ಹೊರಡುತ್ತಾರೆ. ಇದರ ಅತ್ಯಂತ ನಗ್ನ ರೂಪ ಕಂಡದ್ದು 2012ರ ಜುಲೈನಲ್ಲಿ, ಹಗರಣವೊಂದರಲ್ಲಿ ಸಿಲುಕಿ ಶಿಕ್ಷೆಗೊಳಗಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಆಟಗಾರರು ಒಂದು ವರ್ಷ ಕಾಯದೆ ನೇರವಾಗಿ ಬೇರೆ ತಂಡಕ್ಕೆ ಹೋಗಿ ಆಡಬಹುದೆಂದು ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಅನುಮತಿ ಕೊಟ್ಟ ಕೂಡಲೇ, ಅದೇ ಒಕ್ಕೂಟದ ಇಲಿನಾಯ್ ತಂಡದ ಸಹಾಯಕ ಕೋಚ್‌ಗಳು ಪೆನ್ ಸ್ಟೇಟ್ ಇರುವ ಊರಿಗೇ ಬಂದಿಳಿದರು. ಉರಿಯುವ ಮನೆಯ ಗಳ ಹಿರಿಯುವುದು ಎಂದು ನಮ್ಮಲ್ಲಿ ಹೇಳುವುದು ಇದಕ್ಕೇ. ಪ್ರಮುಖ ಓಟಗಾರ ಸೈಲಸ್ ರೆಡ್ ಕ್ಯಾಲಿಫೋರ್ನಿಯಾದ ಯುಎಸ್‌ಸಿಗೆ ಹೋದ. ಇನ್ನೂ ಕೆಲವರು ಟೆಕ್ಸಸ್, ಒಕ್ಲಹೋಮ ಎಂದು ಚದುರಿದರು. ಉಳಿದವರನ್ನು ಒಟ್ಟಿಗೆ ಹಿಡಿದಿಟ್ಟವರಲ್ಲಿ ಮೈಕಲ್ ಮೌಟಿ ಒಬ್ಬ. ಎರಡು ತಿಂಗಳ ನಂತರ ಪೆನ್ ಸ್ಟೇಟ್ ಇಲಿನಾಯ್‌ನ ಅಂಗಳಕ್ಕೇ ಹೋಗಿ 35–7ರಿಂದ ಬಡಿದಾಗ, ಎದುರಾಳಿಯ ಚೆಂಡನ್ನು ಎರಡು ಸಲ ಕಸಿದವನೂ ಅವನೇ. ಕ್ರೀಡೆಯ ಕಥೆಯಾಗಿ ನೋಡಿದರೆ ಎಷ್ಟು ಚೆಂದ! ತೊಂದರೆ ಇರುವುದೂ ಅಲ್ಲೇ. ಆ ವರ್ಷ ಪೆನ್ ಸ್ಟೇಟ್‌ನಲ್ಲಿ ನಡೆದದ್ದು ಕ್ರೀಡೆಯ ಕಥೆಯಾಗಿರಲಿಲ್ಲ.

ಪೆನ್ ಸ್ಟೇಟ್ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಂಥ ಸಂದರ್ಭಗಳಲ್ಲಿ ಅಭಿಮಾನ ಹೇಗೆ ದಾರಿ ತಪ್ಪುತ್ತದೆ ಎಂಬುದರ ಎಲ್ಲ ಮಾದರಿಗಳೂ ಅಲ್ಲಿವೆ. 2011ರ ಅಕ್ಟೋಬರ್ 29ರಂದು ಇಲಿನಾಯ್ ವಿರುದ್ಧ 10–7ರ ಗೆಲುವಿನೊಂದಿಗೆ ಕೋಚ್ ಜೋ ಪಟೆರ್ನೋ ತಮ್ಮ 409ನೆಯ ಜಯ ದಾಖಲಿಸಿ, ಉನ್ನತ ವಿಭಾಗದಲ್ಲಿ ಎಲ್ಲರಿಗಿಂತ ಮುಂದೆ ಹೋದರು. ಒಂದೇ ವಾರದ ನಂತರ, ನವೆಂಬರ್ 5ರಂದು, ಅವರ ದೀರ್ಘಕಾಲದ ಸಹಾಯಕನಾಗಿದ್ದ ಜೆರ‍್ರಿ ಸ್ಯಾಂಡಸ್ಕಿಯನ್ನು ಬಾಲಕರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪದಲ್ಲಿ ಬಂಧಿಸಲಾಯಿತು. 2001ರಲ್ಲಿ ಸ್ನಾನದ ಕೋಣೆಯಲ್ಲಿ ಕಂಡದ್ದನ್ನು ಕಿರಿಯ ಸಹಾಯಕರೊಬ್ಬರು ಪಟೆರ್ನೋಗೆ ತಿಳಿಸಿದ್ದರು. ಪಟೆರ್ನೋ ಅದನ್ನು ತಮ್ಮ ಮೇಲಧಿಕಾರಿಗೆ ಮುಟ್ಟಿಸಿ ಸುಮ್ಮನಾಗಿದ್ದರು. ಅವರ ಮೇಲೆ ಯಾವ ಮೊಕದ್ದಮೆಯೂ ಹೂಡಲ್ಪಡಲಿಲ್ಲ. ಆದರೆ ನವೆಂಬರ್ 9ರ ರಾತ್ರಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಅವರನ್ನು ದೂರವಾಣಿಯ ಮೂಲಕವೇ ವಜಾ ಮಾಡಿತು. ಸಾವಿರಾರು ವಿದ್ಯಾರ್ಥಿಗಳು ಬೀದಿಗಿಳಿದರು, ಸುದ್ದಿವಾಹಿನಿಯ ವ್ಯಾನೊಂದನ್ನು ಮಗುಚಿ ಹಾಕಿದರು. ಇದೇ ಊರಿನ ಹಳೆಯ ವಿದ್ಯಾರ್ಥಿಗಳು ಅದೇ ವಾರಗಳಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ನೆರವಾಗುವ ಸಂಸ್ಥೆಗೆ 5 ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿ ಕೊಟ್ಟರು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಅಭಿಮಾನಿಗಳೆಂದರೆ ಒಂದೇ ಮುಖದ ಗುಂಪಲ್ಲ.

ವಜಾ ಆದ ಮೂರನೆಯ ದಿನ, ನವೆಂಬರ್ 12ರಂದು, ನೆಬ್ರಾಸ್ಕಾ ತಂಡ ಆ ಊರಿಗೆ ಬಂತು. ಈ ಎರಡು ತಂಡಗಳ ನಡುವೆಯೂ ಹಳೆಯ ಕಹಿಯಿದೆ. 1982ರಲ್ಲಿ ಗೆರೆಯಾಚೆ ಹಿಡಿದದ್ದೆಂದು ನೆಬ್ರಾಸ್ಕಾದವರು ಇಂದಿಗೂ ಹೇಳುವ ಒಂದು ಕ್ಯಾಚಿನಿಂದ ಅವರು ಸೋತಿದ್ದರು. 1994ರಲ್ಲಿ ಎರಡೂ ತಂಡಗಳು ಒಂದೂ ಪಂದ್ಯ ಸೋಲದೆ ಋತು ಮುಗಿಸಿದಾಗ, ಮತಗಳ ಮೂಲಕ ಅಗ್ರಪಟ್ಟ ನೆಬ್ರಾಸ್ಕಾಗೆ ಹೋಗಿ ಪೆನ್ ಸ್ಟೇಟ್‌ನವರು ಹಲ್ಲು ಕಡಿದಿದ್ದರು. ಹೀಗಿದ್ದೂ ಅಂದು ಪಂದ್ಯಕ್ಕೆ ಮೊದಲು ಎರಡೂ ಕಡೆಯ ಆಟಗಾರರು ಮತ್ತು ಕೋಚ್‌ಗಳು ಮೈದಾನದ ನಡುವೆ ಬಂದು ಬೆರೆತು ಮಂಡಿಯೂರಿದರು. ನೆಬ್ರಾಸ್ಕಾದ ಸಹಾಯಕ ಕೋಚ್ ರಾನ್ ಬ್ರೌನ್ ಪ್ರಾರ್ಥನೆ ಹೇಳಿದರು. ಲಕ್ಷಕ್ಕೂ ಮಿಕ್ಕಿದ ಜನರಿದ್ದ ಬೀವರ್ ಕ್ರೀಡಾಂಗಣ ಮೌನವಾಯಿತು. ದೌರ್ಜನ್ಯಕ್ಕೊಳಗಾದ ಮಕ್ಕಳಿಗೆ ಬೆಂಬಲ ಸೂಚಿಸಲು ಬಹಳಷ್ಟು ಜನ ನೀಲಿ ಬಟ್ಟೆ ತೊಟ್ಟು ಬಂದಿದ್ದರು. ಎದುರಾಳಿ ಪಕ್ಷ ಗೇಲಿ ಮಾಡದೆ ಇದ್ದಾಗ ಏನಾಗುತ್ತದೆ ಎಂಬುದಕ್ಕೆ ಆ ಕೆಲವು ನಿಮಿಷಗಳೇ ಸಾಕ್ಷಿ: ತಾವು ಯಾರ ಪರ, ಯಾರ ವಿರೋಧ ಎಂಬುದನ್ನು ಮರೆತು ಯೋಚಿಸಲು ಪೆನ್ ಸ್ಟೇಟ್‌ನವರಿಗೆ ಅವಕಾಶ ಸಿಕ್ಕಿತು.

ಆ ಅವಕಾಶ ಹೆಚ್ಚು ಕಾಲ ಉಳಿಯಲಿಲ್ಲ. ವಿಶ್ವವಿದ್ಯಾಲಯದ ಹೆಸರನ್ನೇ ತಿರುಚಿ ಮಾಡಿದ ಹೊಲಸು ಅಡ್ಡಹೆಸರುಗಳು ಎದುರಾಳಿಗಳ ಬಾಯಲ್ಲಿ ಹುಟ್ಟಿಕೊಂಡವು. ಅಂಥ ಹಾಸ್ಯದ ಸರಕು ಯಾವುದೆಂದು ಒಮ್ಮೆ ನಿಂತು ಯೋಚಿಸಿದರೆ ಹೊಟ್ಟೆ ತೊಳಸುತ್ತದೆ: ಮಕ್ಕಳ ಮೇಲೆ ನಡೆದ ಅತ್ಯಾಚಾರವೇ ಅಲ್ಲಿ ನಗೆಯ ವಸ್ತು. 2012ರ ಜುಲೈ 23ರಂದು ಎನ್‌ಸಿಎಎ ಶಿಕ್ಷೆ ಪ್ರಕಟಿಸಿತು. 6 ಕೋಟಿ ಡಾಲರ್ ದಂಡ, ನಾಲ್ಕು ವರ್ಷ ಋತುವಿನ ಕೊನೆಯ ಪಂದ್ಯಗಳಿಗೆ ನಿಷೇಧ, ವಿದ್ಯಾರ್ಥಿವೇತನಗಳ ಕಡಿತ; ಇವುಗಳ ಜೊತೆಗೆ 1998ರಿಂದ ಗೆದ್ದ ಪಂದ್ಯಗಳನ್ನೆಲ್ಲ ದಾಖಲೆಯಿಂದ ಅಳಿಸಲಾಯಿತು. ಪಟೆರ್ನೋ ಅವರ 409 ಗೆಲುವುಗಳು 298ಕ್ಕೆ ಇಳಿದವು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ದೊಡ್ಡ ಎಡವಟ್ಟು ಇದೇ. ಮಕ್ಕಳ ರಕ್ಷಣೆಯಲ್ಲಿ ಆದ ಲೋಪಕ್ಕೆ ಗೆಲುವುಗಳ ಲೆಕ್ಕದಲ್ಲಿ ಶಿಕ್ಷೆ ಕೊಟ್ಟ ಸಂಸ್ಥೆ, ಅಭಿಮಾನಿಗಳಿಗೆ ಅವರಿಗೆ ಗೊತ್ತಿರುವ ಒಂದೇ ಭಾಷೆಯಲ್ಲಿ ಜಗಳವಾಡಲು ವಸ್ತು ಒದಗಿಸಿತು. ಅಲ್ಲಿಂದ ಮುಂದೆ ಎದುರಾಳಿಗಳಿಗೆ 298 ಎಂಬುದು ಚುಚ್ಚುವ ಮೊಳೆಯಾಯಿತು, ಪೆನ್ ಸ್ಟೇಟ್‌ನವರಿಗೆ 409 ಎಂಬುದು ಧ್ವಜವಾಯಿತು. 2015ರ ಜನವರಿಯಲ್ಲಿ ರಾಜಿಯ ಮೂಲಕ ಆ ಗೆಲುವುಗಳನ್ನು ಮರಳಿಸಿದಾಗ, ಪೆನ್ ಸ್ಟೇಟ್‌ನ ಹಾಕಿ ಆಟಗಾರರು ಹೆಲ್ಮೆಟ್ಟಿನ ಮೇಲೆ 409 ಎಂಬ ಚೀಟಿ ಅಂಟಿಸಿಕೊಂಡು ಆಡಿದರು. ಸ್ಯಾಂಡಸ್ಕಿಯ ಮೇಲಿದ್ದ 48 ಆರೋಪಗಳಲ್ಲಿ 45 ಸಾಬೀತಾಗಿದ್ದವು, ಅವನಿಗೆ 30ರಿಂದ 60 ವರ್ಷಗಳ ಸಜೆಯಾಗಿತ್ತು. ಈ ಅಂಕಿಗಳನ್ನು ಯಾರೂ ಎಲ್ಲಿಯೂ ಅಂಟಿಸಿಕೊಳ್ಳಲಿಲ್ಲ.

ಗೇಲಿಯ ಅತಿ ದೊಡ್ಡ ಹಾನಿ ಅದು ಗೇಲಿಗೊಳಗಾದವರನ್ನು ನೋಯಿಸುತ್ತದೆ ಎಂಬುದಲ್ಲ. ಅದು ಅವರಿಗೆ ಗುರಾಣಿ ಕೊಡುತ್ತದೆ. ತನ್ನ ಕೋಚ್ ಮಾಡಿದ್ದೇನು ಎಂಬ ಪ್ರಶ್ನೆಯನ್ನು ಮನೆಯೊಳಗೆ ಕುಳಿತು ಕೇಳಿಕೊಳ್ಳಬೇಕಾದ ಅಭಿಮಾನಿಗೆ, ಹೊರಗಿನಿಂದ ಕಲ್ಲು ಬೀಳತೊಡಗಿದ ಕೂಡಲೇ ಬಾಗಿಲು ಭದ್ರಪಡಿಸುವುದೇ ಕೆಲಸವಾಗುತ್ತದೆ. ‘ಅವರಿಗೆ ನಮ್ಮನ್ನು ಕಂಡರೆ ಹೊಟ್ಟೆಕಿಚ್ಚು, ಅದಕ್ಕೇ ಹೀಗೆನ್ನುತ್ತಾರೆ’ ಎಂಬ ವಾಕ್ಯ ಆಗ ಎಲ್ಲ ಸಾಕ್ಷ್ಯಗಳಿಗೂ ಉತ್ತರವಾಗುತ್ತದೆ. ದೂರು ಕೊಟ್ಟ ವ್ಯಕ್ತಿ ಕೂಡ ಆ ಕ್ಷಣದಿಂದ ‘ಅವರ ಕಡೆಯವಳು’ ಆಗಿಬಿಡುತ್ತಾಳೆ.

ಟೆಕ್ಸಸ್‌ನ ಬೇಲರ್ ವಿಶ್ವವಿದ್ಯಾಲಯದಲ್ಲಿ ಆದದ್ದನ್ನು ನೋಡಿ. ಆಟಗಾರರ ವಿರುದ್ಧ ಬಂದ ಲೈಂಗಿಕ ದೌರ್ಜನ್ಯದ ದೂರುಗಳನ್ನು ಸಂಸ್ಥೆ ಸರಿಯಾಗಿ ನಿಭಾಯಿಸಿಲ್ಲವೆಂದು ಹೊರಗಿನ ವಕೀಲರ ತನಿಖೆ ಹೇಳಿದ ಮೇಲೆ, 2016ರ ಮೇ ತಿಂಗಳಲ್ಲಿ ಕೋಚ್ ಆರ್ಟ್ ಬ್ರೈಲ್ಸ್ ಅವರನ್ನು ತೆಗೆಯಲಾಯಿತು. ಆ ನವೆಂಬರಿನಲ್ಲಿ ನೆರೆಯ ಫೋರ್ಟ್ ವರ್ತ್‌ನ ಎದುರಾಳಿ ಟಿಸಿಯು ವಿಶ್ವವಿದ್ಯಾಲಯದ ತಂಡ ಆಡಲು ಬಂದ ದಿನ, ಕ್ರೀಡಾಂಗಣದ ಹೊರಗೆ ಬ್ರೈಲ್ಸ್ ಹೆಸರಿನ ಮೊದಲಕ್ಷರಗಳಿದ್ದ ಕಪ್ಪು ಅಂಗಿಗಳು ಮಾರಾಟವಾದವು. ಎದುರಾಳಿ ಬಂದ ದಿನವೇ ಅಂಗಿ ಹೊರಬಂದದ್ದು ಕಾಕತಾಳೀಯವೆಂದು ನನಗೆ ಅನಿಸುವುದಿಲ್ಲ. ಬೇಲರ್ ಅಂದು 62–22ರಿಂದ ಸೋತಿತು, ಅದು ಬೇರೆ ಮಾತು.

ಇನ್ನು ಒಹಾಯೊ ಸ್ಟೇಟ್. 2018ರ ಆಗಸ್ಟಿನಲ್ಲಿ ಅದರ ಕೋಚ್ ಅರ್ಬನ್ ಮೇಯರ್ ಅವರನ್ನು ರಜೆಯ ಮೇಲೆ ಕಳಿಸಲಾಯಿತು. ಸಹಾಯಕ ಕೋಚ್ ಒಬ್ಬನ ಮೇಲೆ ಅವನ ಮಾಜಿ ಪತ್ನಿ ಮಾಡಿದ್ದ ಕೌಟುಂಬಿಕ ಹಿಂಸೆಯ ಆರೋಪವನ್ನು ಅವರು ಹೇಗೆ ನಿಭಾಯಿಸಿದರು ಎಂಬುದು ಪ್ರಶ್ನೆಯಾಗಿತ್ತು. ಅದೇ ವಾರ ಒಹಾಯೊ ಕ್ರೀಡಾಂಗಣದ ಎದುರು ಅಭಿಮಾನಿಗಳು ಸೇರಿ ಮೇಯರ್ ಪರವಾಗಿ ಘೋಷಣೆ ಕೂಗಿದರು. ಆಗ ನಕ್ಕವರು ಆನ್ ಆರ್ಬರ್‌ನವರು. ತಿಂಗಳ ಕೊನೆಯ ವೇಳೆಗೆ ಮೂರು ಪಂದ್ಯಗಳ ಅಮಾನತು ಪ್ರಕಟವಾಯಿತು, ಮೇಯರ್ ಮರಳಿದರು, ಆ ವರ್ಷವೂ ಮಿಷಿಗನ್ನನ್ನು ಸೋಲಿಸಿದರು. ಏಳು ವರ್ಷಗಳ ನಂತರ ನಗುವ ಸರದಿ ಕೊಲಂಬಸ್‌ಗೆ ಬಂತು.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವ ಗಾದೆಯನ್ನು ಇಲ್ಲಿ ಹೇಳಬಹುದು, ಆದರೆ ಪೂರ್ತಿ ಹೊಂದುವುದಿಲ್ಲ. ಏಕೆಂದರೆ ಬಿಗ್ ಟೆನ್‌ನ ಈ ಪಂಕ್ತಿಯಲ್ಲಿ ಎಲ್ಲರ ಎಲೆಯಲ್ಲಿಯೂ ಬಿದ್ದಿರುವುದು ಹೆಗ್ಗಣವೇ. ಕ್ರೀಡಾಪಟುಗಳ ವೈದ್ಯನಾಗಿದ್ದ ಲ್ಯಾರಿ ನಾಸರ್‌ನ ದೌರ್ಜನ್ಯಕ್ಕೆ ಒಳಗಾದವರಿಗೆ ಮಿಷಿಗನ್ ಸ್ಟೇಟ್ 2018ರಲ್ಲಿ 50 ಕೋಟಿ ಡಾಲರ್ ಪರಿಹಾರ ಒಪ್ಪಿಕೊಂಡಿತು. ರಾಬರ್ಟ್ ಆಂಡರ್ಸನ್ ಎಂಬ ವೈದ್ಯನ ವಿಷಯದಲ್ಲಿ ಮಿಷಿಗನ್ ವಿಶ್ವವಿದ್ಯಾಲಯ 2022ರಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ 49 ಕೋಟಿ ಡಾಲರ್ ಕೊಡಲು ಒಪ್ಪಿತು. ಒಹಾಯೊ ಸ್ಟೇಟ್‌ನ ವೈದ್ಯ ರಿಚರ್ಡ್ ಸ್ಟ್ರೌಸ್ ಕನಿಷ್ಠ 177 ವಿದ್ಯಾರ್ಥಿಗಳ ಮೇಲೆ ದೌರ್ಜನ್ಯ ಎಸಗಿದ್ದನೆಂದು 2019ರ ತನಿಖಾ ವರದಿ ಹೇಳಿತು. ಪೆನ್ ಸ್ಟೇಟ್ ಕೊಟ್ಟ ಪರಿಹಾರ 10 ಕೋಟಿ ಡಾಲರನ್ನು ದಾಟಿದೆ. ನಾಲ್ಕೂ ಒಂದೇ ಒಕ್ಕೂಟದ ವಿಶ್ವವಿದ್ಯಾಲಯಗಳು, ನಾಲ್ಕೂ ಕಡೆ ತಡವಾಗಿ ಎದ್ದ ಒಂದೇ ಪ್ರಶ್ನೆ: ಮೊದಲ ದೂರು ಬಂದಾಗ ಯಾರು, ಏಕೆ ಸುಮ್ಮನಿದ್ದರು? ಅಭಿಮಾನಿಗಳ ಜಗಳದಲ್ಲಿ ಮಾತ್ರ ಈ ನಾಲ್ಕು ಪ್ರಕರಣಗಳು ನಾಲ್ಕು ಬಾಣಗಳಂತೆ ಬಳಕೆಯಾಗುತ್ತವೆ. ‘ನಿಮ್ಮಲ್ಲಿ ಇಂಥವನಿದ್ದ’ ಎಂದರೆ ‘ನಿಮ್ಮಲ್ಲಿ ಅಂಥವನಿದ್ದ’ ಎಂಬ ಮರುಬಾಣ. ಎರಡೂ ನಿಜವಾದ್ದರಿಂದ ಎರಡೂ ಒಂದನ್ನೊಂದು ಹೊಡೆದುರುಳಿಸಿ, ಕೊನೆಗೆ ಯಾರೂ ಯಾವುದಕ್ಕೂ ಉತ್ತರ ಕೊಡಬೇಕಾಗಿಲ್ಲವೆಂಬ ಸ್ಥಿತಿ ಬರುತ್ತದೆ.

ಎದುರಾಳಿಯ ಕಣ್ಣಿನಿಂದ ಉಪಯೋಗವೇ ಇಲ್ಲವೇ ಎಂದರೆ, ಇದೆ. 2023ರಲ್ಲಿ ಮಿಷಿಗನ್ ತಂಡದ ಸಿಬ್ಬಂದಿಯೊಬ್ಬರು ಎದುರಾಳಿಗಳ ಮೈದಾನದ ಸನ್ನೆಗಳನ್ನು ಕದ್ದು ದಾಖಲಿಸುವ ವ್ಯವಸ್ಥೆ ಮಾಡಿದ್ದರೆಂಬ ಆರೋಪ ಬಂದಾಗ, ಹಳೆಯ ಪಂದ್ಯಗಳ ದೃಶ್ಯಗಳನ್ನು ಗಂಟೆಗಟ್ಟಲೆ ಜಾಲಾಡಿ ಪುರಾವೆ ಮುಂದಿಟ್ಟವರಲ್ಲಿ ಎದುರಾಳಿ ಅಭಿಮಾನಿಗಳಿದ್ದರು. ಅಷ್ಟು ತಾಳ್ಮೆ ಪ್ರೀತಿಗೆ ಇರುವುದಿಲ್ಲ, ದ್ವೇಷಕ್ಕೇ ಇರಬೇಕು! ಆದರೆ ಅದು ಆಟದ ನಿಯಮದ ಉಲ್ಲಂಘನೆ. ಪುರಾವೆ ಸಾವಿರಾರು ಜನರ ಕಣ್ಣೆದುರಿನ ಮೈದಾನದಲ್ಲಿತ್ತು, ನೊಂದವರು ಯಾರಾದರೂ ಇದ್ದರೆ ಅವು ಬೇರೆ ತಂಡಗಳು. ಅದೇ ಜಾಲಾಟವನ್ನು ಕೌಟುಂಬಿಕ ಹಿಂಸೆ ಅಥವಾ ಕಿರುಕುಳದ ಪ್ರಕರಣಕ್ಕೆ ಒಯ್ದರೆ ಫಲ ತಿರುಗುಮುರುಗಾಗುತ್ತದೆ. ಅಲ್ಲಿ ಹುಡುಕಾಟದ ಗುರಿ ಬಹುಬೇಗ ದೂರು ಕೊಟ್ಟ ಮಹಿಳೆಯ ಹೆಸರು, ಅವಳ ಫೋಟೊ, ಅವಳ ಮನೆಯ ವಿಳಾಸವಾಗುತ್ತದೆ. ಕೋಚ್‌ನ ಮೇಲೆ ಮಾಡಿದ ಒಂದು ನಗೆಚಟಾಕಿಗೆ ಮಸಾಲೆ ಬೇಕೆಂದು ಅವಳ ಹೆಸರನ್ನು ಎಳೆತರುವವನು ತಾನು ಅವಳ ಪರ ಇದ್ದೇನೆಂದೇ ಭಾವಿಸಿರುತ್ತಾನೆ. ನ್ಯಾಯಾಲಯಗಳು, ಪತ್ರಿಕೆಗಳು ಇಂಥ ಹೆಸರುಗಳನ್ನು ಬಚ್ಚಿಡಲು ಪಾಲಿಸುವ ಶಿಸ್ತನ್ನು ಒಂದು ಸಂಜೆಯೊಳಗೆ ನಿರರ್ಥಕ ಮಾಡಿಬಿಡುವುದು ಈ ಉತ್ಸಾಹವೇ.

ಇದರಾಚೆಗೆ ಕಾಲದ ಪ್ರಶ್ನೆಯೂ ಇದೆ. ಅಭಿಮಾನಿಯ ಗಡಿಯಾರ ವಾರದ ಲೆಕ್ಕದಲ್ಲಿ ಓಡುತ್ತದೆ, ಶನಿವಾರದಿಂದ ಶನಿವಾರಕ್ಕೆ. ನ್ಯಾಯಾಲಯದ್ದು ಹಾಗಲ್ಲ. ಆರೋಪ ಓದಿ ಹೇಳುವುದು, ಜಾಮೀನು, ಪ್ರಾಥಮಿಕ ವಿಚಾರಣೆ, ವಕೀಲರ ತಕರಾರು ಅರ್ಜಿಗಳು, ರಾಜಿಯ ಮಾತುಕತೆ, ವಿಚಾರಣೆ, ಮೇಲ್ಮನವಿ ಎಂದು ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹೋಗುತ್ತದೆ. ಗೇಲಿಗೆ ಬೇಕಾದದ್ದು ಬಂಧನದ ದಿನದ ಒಂದು ಫೋಟೊ ಮಾತ್ರ. ಅದು ಸಿಕ್ಕಿತೆಂದರೆ ತೀರ್ಪಿಗೆ ಕಾಯುವ ತಾಳ್ಮೆ ಯಾರಿಗೂ ಉಳಿಯುವುದಿಲ್ಲ. ಆರೋಪಿ ಖುಲಾಸೆಯಾದರೂ ಅದು ಸುದ್ದಿಯಲ್ಲ, ಶಿಕ್ಷೆಯಾದರೂ ಅಷ್ಟು ಹೊತ್ತಿಗೆ ಹೊಸ ಕೋಚ್ ಬಂದಿರುತ್ತಾನೆ, ಗೇಲಿಗೆ ಹೊಸ ಕಾರಣ ಸಿಕ್ಕಿರುತ್ತದೆ.

ಪೆನ್ ಸ್ಟೇಟ್‌ನಲ್ಲಿ ಪಟೆರ್ನೋ ಪ್ರತಿಮೆಯನ್ನು 2012ರ ಜುಲೈ 22ರ ಭಾನುವಾರ ಬೆಳಿಗ್ಗೆ, ಸುತ್ತ ನೀಲಿ ಪರದೆ ಕಟ್ಟಿ, ಕಿತ್ತು ಒಳಗೆ ಸಾಗಿಸುವುದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಗ್ರಹಾಂ ಸ್ಪ್ಯಾನಿಯರ್ ಅವರ ಮೊಕದ್ದಮೆ ಆಮೇಲೂ ನಡೆದೇ ಇತ್ತು. ಮಕ್ಕಳನ್ನು ಅಪಾಯಕ್ಕೆ ಒಡ್ಡಿದ ಅಪರಾಧಕ್ಕಾಗಿ 2017ರ ಮಾರ್ಚಿನಲ್ಲಿ ಅವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಲಾಯಿತು. ಮೇಲ್ಮನವಿಗಳು ಮುಗಿದು ಅವರು ಜೈಲು ಸೇರಿದ್ದು 2021ರ ಜೂನಿನಲ್ಲಿ, ಸುಮಾರು ಎರಡು ತಿಂಗಳ ಸಜೆ ಮುಗಿಸಿ ಹೊರಬಂದದ್ದು ಆಗಸ್ಟಿನಲ್ಲಿ. ಆ ಬೇಸಿಗೆಯಲ್ಲಿ ಕಾಲೇಜು ಫುಟ್ಬಾಲಿನ ಅಭಿಮಾನಿಗಳ ಬಾಯಲ್ಲಿದ್ದದ್ದು ಟೆಕ್ಸಸ್ ಮತ್ತು ಒಕ್ಲಹೋಮ ತಮ್ಮ ಹಳೆಯ ಒಕ್ಕೂಟ ಬಿಟ್ಟು ಇನ್ನೊಂದು ಒಕ್ಕೂಟವಾದ ಎಸ್‌ಇಸಿಗೆ ಹಾರುವ ಸುದ್ದಿ.